ಡೇರೆಯ ಎತ್ತರ

ಗಣಿತದ ಪರೀಕ್ಷೆ ಮುಗಿಯುವ ಹೊತ್ತಿಗೆ ದೀಪಶ್ರೀಯ ಜಾಮಿಟ್ರಿ ಬಾಕ್ಸಿನಲ್ಲಿ ಒಂದು ಚೀಟಿ ಸಿಕ್ಕಿತು.

ಅಂಗೈಯಗಲದ ಕಾಗದ. ಮೇಲ್ಭಾಗ ಹರಿದಿತ್ತು. ಉಳಿದದ್ದರಲ್ಲಿ ಒಂದು ಲೆಕ್ಕವನ್ನು ಬಿಡಿಸಲಾಗಿತ್ತು. ಅಕ್ಷರ ದೀಪಶ್ರೀಯದಲ್ಲ. ಹತ್ತನೇ ತರಗತಿಯ ಯಾವ ಮಗುವನ್ನು ಕೇಳಿದರೂ ಅದು ಯಾರದೆಂದು ಹೇಳುತ್ತಿತ್ತು.

"ಇದು ನಿಮ್ಮ ಬರವಣಿಗೆ ತಾನೇ?" ತಮ್ಮ ಕೋಣೆಗೆ ಕರೆಸಿದ್ದ ಯಶಸ್ವಿನಿಯನ್ನು ಹೆಡ್‌ಮಾಸ್ಟರು ಕೇಳಿದರು.

ಯಶಸ್ವಿನಿ ಚೀಟಿ ನೋಡಿದಳು. ಉತ್ತರದ ಕೆಳಗೆ ಎರಡು ಗೆರೆ ಎಳೆಯುವುದು ಅವಳ ಅಭ್ಯಾಸ. ಎರಡು ಗೆರೆ ಅಲ್ಲೇ ಇದ್ದವು.

"ನಂದೇ ಸಾರ್."

ಪಕ್ಕದ ಕುರ್ಚಿಯಲ್ಲಿದ್ದ ಮಾವ ಪಂಚಾಕ್ಷರಯ್ಯ ಕಣ್ಣು ಮುಚ್ಚಿಕೊಂಡರು.

ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಪಂಚಾಕ್ಷರಯ್ಯನವರದು ಜವಳಿ ಅಂಗಡಿ. ಅದರ ಮೇಲೆಯೇ ಮನೆ. ಎಂ.ಎಸ್ಸಿ. ಗಣಿತ ಓದಿ ಆ ಮನೆಗೆ ಸೊಸೆಯಾಗಿ ಬಂದ ಯಶಸ್ವಿನಿಗೆ ಕೆಲಸಕ್ಕೆ ಹೋಗುವ ಮಾತೇ ಇರಲಿಲ್ಲ. ಮಕ್ಕಳಿಗೆ ಪಾಠ ಹೇಳುತ್ತೇನೆಂದರೆ ಅತ್ತೆ ರೇವಮ್ಮ, "ಊರ ಹುಡುಗ್ರೆಲ್ಲ ಒಳಗೆ ನುಗ್ಗಿದ್ರೆ ಮಡಿ ಮೈಲಿಗೆ ಏನಾಗ್ಬೇಕು?" ಎಂದಿದ್ದರು. ಅದಕ್ಕೇ ಅವಳು ಮೆಟ್ಟಿಲ ಬುಡದಲ್ಲಿ ಒಂದು ಬಿದಿರು ಬುಟ್ಟಿ ಇಟ್ಟಿದ್ದಳು. ತಿಳಿಯದ ಲೆಕ್ಕವನ್ನು ಮಕ್ಕಳು ಚೀಟಿಯಲ್ಲಿ ಬರೆದು ಅದರಲ್ಲಿ ಹಾಕುತ್ತಿದ್ದರು. ಕೆಳಗೆ ಖಾಲಿ ಜಾಗ ಬಿಡಬೇಕು, ಅಷ್ಟೇ. ಹೆಸರು ಬೇಕಿಲ್ಲ, ನಾಚಿಕೆಯಿಲ್ಲ, ಕಾಸಿಲ್ಲ. ಮರುದಿನ ಬೆಳಿಗ್ಗೆ ಅದೇ ಚೀಟಿಯಲ್ಲಿ ಉತ್ತರ. ಆ ಮನೆಯಲ್ಲಿ ಅವಳದೆಂದು ಹೇಳಿಕೊಳ್ಳಲು ಇದ್ದದ್ದು ಆ ಬುಟ್ಟಿಯೊಂದೇ.

"ಯಾರೋ ಮಗು ಬುಟ್ಟೀಲಿ ಹಾಕಿರುತ್ತೆ ಸಾರ್. ಇವತ್ತಿನ ಪತ್ರಿಕೇಲಿ ಇದೇ ಲೆಕ್ಕ ಬರುತ್ತೆ ಅಂತ ನಂಗೇನು ಗೊತ್ತು?"

"ಗೊತ್ತಿಲ್ದೆ ಬಿಡಿಸಿದ್ರಾ?" ಕಿಟಕಿಯ ಬಳಿ ನಿಂತಿದ್ದ ಮೋಹನ್‌ಕುಮಾರ್ ನಕ್ಕರು. ಶಾಲೆಯ ಗಣಿತದ ಮೇಷ್ಟ್ರು. ಚೀಟಿ ಹಿಡಿದವರೂ ಅವರೇ. "ತಾಲ್ಲೂಕಿನ ಅಷ್ಟೂ ಶಾಲೆಗೆ ಒಂದೇ ಪೂರ್ವಸಿದ್ಧತಾ ಪತ್ರಿಕೆ. ಅದರ ನಾಲ್ಕು ಮಾರ್ಕಿನ ಪ್ರಶ್ನೆ ನಿಮ್ಮ ಕೈಯಲ್ಲಿ, ಉತ್ತರ ನಿಮ್ಮ ಶಿಷ್ಯೆ ಬಾಕ್ಸಲ್ಲಿ. ಇದಕ್ಕೇನಂತಾರೆ?"

ಹೊರಗೆ ಗೇಟಿನ ಮುಂದೆ ಪೋಷಕರ ಗದ್ದಲ ಏರುತ್ತಿತ್ತು. ಜವಾನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ.

ಹೆಡ್‌ಮಾಸ್ಟರು ಬಿಳಿ ಹಾಳೆಯೊಂದನ್ನು ಮುಂದೆ ತಳ್ಳಿದರು. "ತಪ್ಪಾಯ್ತು ಅಂತ ಬರ್ಕೊಡಿ. ಇಲ್ಲೇ ಮುಗಿಸೋಣ."

"ದೀಪಶ್ರೀ?"

"ಅವಳ ಹಾಲ್ ಟಿಕೆಟ್ ತಡೀಬೇಕಾಗುತ್ತೆ. ವಾರ್ಷಿಕ ಪರೀಕ್ಷೆಗೆ ಕೂರೋ ಹಾಗಿಲ್ಲ."

ಮೂಲೆಯಲ್ಲಿ ದೀಪಶ್ರೀ ಬಿಕ್ಕಿದಳು. ಅವಳ ತಾಯಿ ಬೆಟ್ಟಮ್ಮ ಹೊಲದಿಂದಲೇ ಬಸ್ಸು ಹತ್ತಿ ಬಂದಿದ್ದಳು. ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ. "ನನ್ ಮಗ್ಳು ಅಂಗೆಲ್ಲ ಮಾಡಾಕಿಲ್ಲ ಸಾ. ದಮ್ಮಯ್ಯ, ಒಂದ್ ವರ್ಸ ಆಳಾಗೋದ್ರೆ ಅವ್ರಪ್ಪ ಮದ್ವೆ ಮಾಡ್ಬುಡ್ತಾನೆ. ಆಮೇಲೆ ಎಲ್ಲಿ ಓದು?"

"ಬರೆದುಕೊಡಮ್ಮ." ಪಂಚಾಕ್ಷರಯ್ಯ ಮೆಲ್ಲನೆ ಅಂದರು. "ಚನ್ನರಾಯಪಟ್ಟಣದಿಂದ ಅಮರನಾಥನೂ ಫೋನ್ ಮಾಡಿದ್ದ. ಸುಮ್ನೆ ಬರೆದುಕೊಟ್ಟು ಬಂದ್ಬಿಡಲಿ ಅಂದ."

ಅಮರನಾಥ ಅವಳ ಗಂಡ. ಅವನೂ ಹಾಗೆಯೇ ಅಂದನೇ? ಬರೆದರೆ ಹುಡುಗಿಯ ಬಾಳು ಹಾಳು. ಬರೆಯದಿದ್ದರೆ ಪೊಲೀಸು, ಕೇಸು, ಬೀದಿಯ ಬಾಯಿ. ಯಾವ ಕಡೆ ತಿರುಗಿದರೂ ಗೋಡೆ. ಯಶಸ್ವಿನಿ ಪೆನ್ನು ಮುಟ್ಟಲಿಲ್ಲ.

ಬಾಗಿಲು ಬಡಿದ ಸದ್ದಾಯಿತು. ಜವಾನ ಚಿಲಕ ತೆಗೆದ. ಗದ್ದಲ ಕೇಳಿ ಬಂದ ಸಬ್‌ಇನ್ಸ್‌ಪೆಕ್ಟರ್ ಧನಲಕ್ಷ್ಮಿ ಒಳಗೆ ಕಾಲಿಟ್ಟು ಎಲ್ಲರ ಮುಖವನ್ನೂ ಒಮ್ಮೆ ನೋಡಿದರು. ಚೀಟಿ ಇಸಿದುಕೊಂಡರು. ಮೋಹನ್‌ಕುಮಾರ್ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಅವರನ್ನೂ ಪಂಚಾಕ್ಷರಯ್ಯನವರನ್ನೂ ಹೊರಗೆ ಕೂರಲು ಕಳಿಸಿದರು. ಆಮೇಲೆ ಯಶಸ್ವಿನಿಯ ಎದುರು ಕುರ್ಚಿ ಎಳೆದುಕೊಂಡರು.

"ನೋಡಿಮ್ಮಾ, ನಂಗೆ ಲೆಕ್ಕ ಅಂದ್ರೆ ಚಳಿಜ್ವರ. ಅರಕಲಗೂಡಲ್ಲಿ ಓದೋವಾಗ ಗಣಿತ ಎರಡು ಸಲ ಕಟ್ಟಿದೋಳು ನಾನು. ಈ ಚೀಟೀಲಿ ಏನಿದೆ? ದಡ್ಡ ಹುಡುಗೀಗೆ ಹೇಳ್ಕೊಡೋ ಹಂಗೆ ಹೇಳಿ."

ಯಶಸ್ವಿನಿ ಮೇಜಿನ ಮೇಲಿದ್ದ ಆ ಬಿಳಿ ಹಾಳೆಯಲ್ಲೇ ಒಂದು ಚಿತ್ರ ಬರೆದಳು.

"ಇದು ಡೇರೆ. ಶಂಕುವಿನ ಆಕಾರ. ಎಷ್ಟು ಬಟ್ಟೆ ಬೇಕು ಅನ್ನೋದು ಪ್ರಶ್ನೆ. ಬುಡದ ತ್ರಿಜ್ಯ ಏಳು ಮೀಟರ್, ಎತ್ತರ ಇಪ್ಪತ್ನಾಲ್ಕು. ಬಟ್ಟೆ ಓರೆಯಾಗಿ ಇಳಿಯುತ್ತಲ್ವಾ? ಅದಕ್ಕೇ ಓರೆ ಎತ್ತರ ಬೇಕು. ಏಳರ ವರ್ಗ, ಇಪ್ಪತ್ನಾಲ್ಕರ ವರ್ಗ ಕೂಡಿಸಿ..."

"ತಾಳಿ, ತಾಳಿ." ಧನಲಕ್ಷ್ಮಿಯ ಬೆರಳು ಅಚ್ಚಾದ ಪ್ರಶ್ನೆಪತ್ರಿಕೆಯ ಮೇಲೆ ಒಂದೊಂದೇ ಪದ ದಾಟುತ್ತಿತ್ತು. "ಎತ್ತರ ಎಷ್ಟಂದ್ರಿ?"

"ಇಪ್ಪತ್ನಾಲ್ಕು."

"ಹೂಂ. ಆಮೇಲೆ?"

"ಕೂಡಿದ್ರೆ ಆರ್ನೂರ ಇಪ್ಪತ್ತೈದು. ವರ್ಗಮೂಲ ಇಪ್ಪತ್ತೈದು. ಬಟ್ಟೆ ಐನೂರ ಐವತ್ತು ಚದರ ಮೀಟರ್."

ಧನಲಕ್ಷ್ಮಿ ದೀಪಶ್ರೀಯ ಉತ್ತರಪತ್ರಿಕೆ ತರಿಸಿ, ಅದೇ ಲೆಕ್ಕದ ಪುಟ ತೆರೆದು ನೋಡಿದರು. ಆಮೇಲೆ ಅವಳ ಕಡೆ ತಿರುಗಿದರು.

"ನೀನು ಮೇಷ್ಟ್ರ ಹತ್ರ ಪಾಠಕ್ಕೆ ಹೋಗ್ತಿದ್ಯೇನಮ್ಮ?"

"ಓಗ್ತಿದ್ದೆ ಮೇಡಂ. ಬಿಟ್ಬುಟ್ಟೆ. ಬುಟ್ಟೀಲಾಕಿದ್ರೆ ಅಕ್ಕ ಅರ್ಥ ಆಗೋ ಅಂಗೆ ಬರ್ಕೊಡ್ತಾರೆ. ಈಗ ಸಾರ್ ಮನೆಗೆ ಯಾರೂ ಓಗಲ್ಲ."

"ಚೀಟಿ ನಿನ್ ಬಾಕ್ಸಿಗೆ ಹೆಂಗೆ ಬಂತು?"

"ದೇವ್ರಾಣೆ ಗೊತ್ತಿಲ್ಲ. ಸಾರ್ ಸೀದಾ ನನ್ ಬೆಂಚ್‌ಗೇ ಬಂದ್ರು. ಬಾಕ್ಸ್ ಅವ್ರೇ ತೆಗೆದ್ರು. ಚೀಟಿ ಅವ್ರ ಕೈಲಿತ್ತು."

ಧನಲಕ್ಷ್ಮಿ ಹೊರಗಿದ್ದ ಇಬ್ಬರನ್ನೂ ಕರೆಸಿದರು.

"ಮೇಷ್ಟ್ರೇ, ಪತ್ರಿಕೆ ಬರೆದವರು ಯಾರು?"

"ನಾನೇ. ಕೈಯಲ್ಲಿ ಬರೆದು ನಾನೇ ಹಾಸನದ ಪ್ರೆಸ್ಸಿಗೆ ಕೊಟ್ಟುಬಂದೆ."

"ಅಚ್ಚಾದ ಮೇಲೆ ನೋಡಿದ್ರಾ?"

"ಮುಟ್ಟೂ ಇಲ್ಲ." ಮೋಹನ್‌ಕುಮಾರ್ ಎದೆ ಸೆಟೆಸಿದರು. "ಸೀಲಾದ ಕವರು. ಬೆಳಿಗ್ಗೆ ಎಲ್ಲರೆದುರಿಗೆ ಒಡೆದದ್ದು. ಅಚ್ಚಾದ ಪತ್ರಿಕೇನ ಯಾರೋ ಕದ್ದು ಈಕೆಗೆ ಮುಟ್ಟಿಸಿದಾರೆ. ಹುಡುಕೋದು ನಿಮ್ಮ ಕೆಲಸ."

"ಸರಿ. ಆ ಡೇರೆ ಲೆಕ್ಕ ನೆನಪಿದ್ಯಾ?"

"ನಾನೇ ಮಾಡಿದ ಲೆಕ್ಕ ಮರೀತೀನಾ? ತ್ರಿಜ್ಯ ಏಳು, ಎತ್ತರ ಇಪ್ಪತ್ನಾಲ್ಕು, ಉತ್ತರ ಐನೂರ ಐವತ್ತು."

"ಇದನ್ನ ಸ್ವಲ್ಪ ಓದಿ."

ಮೋಹನ್‌ಕುಮಾರ್ ಅಚ್ಚಾದ ಪತ್ರಿಕೆ ತೆಗೆದುಕೊಂಡರು. ಅವರ ತುಟಿ ಅಲುಗಾಡಿ ನಿಂತಿತು.

"ಗಟ್ಟಿಯಾಗಿ."

"ಎತ್ತರ... ನಲವತ್ತೆರಡು."

ಯಶಸ್ವಿನಿ ಎದ್ದು ನಿಂತುಬಿಟ್ಟಳು.

"ಪ್ರೆಸ್ಸಿನವನು ಅಂಕಿ ತಿರುಗುಮುರುಗು ಮಾಡಿದಾನೆ," ಧನಲಕ್ಷ್ಮಿ ಅಂದರು. "ನಿಮಗೆಲ್ಲ ಲೆಕ್ಕ ಬರುತ್ತೆ. ಚೀಟಿ ಕಂಡ ಕೂಡ್ಲೆ ಅದೇ ಡೇರೆ, ಅದೇ ಅಕ್ಷರ ಅಂದ್ರಿ. ಅಂಕಿ ಯಾರೂ ಓದ್ಲಿಲ್ಲ. ನಂಗೆ ಲೆಕ್ಕ ಬರಲ್ಲ, ಅದಕ್ಕೇ ಅಕ್ಷರ ಅಕ್ಷರ ಕೂಡಿಸಿ ಓದ್ದೆ. ಅಚ್ಚಾದ ಪತ್ರಿಕೆ ಕದ್ದಿದ್ರೆ ಚೀಟೀಲಿ ನಲವತ್ತೆರಡು ಇರ್ಬೇಕಿತ್ತು. ಇಪ್ಪತ್ನಾಲ್ಕು ಇದ್ದದ್ದು ಕೈಬರಹದಲ್ಲಿ ಮಾತ್ರ."

"ಹಾಗಾದ್ರೆ ಪ್ರೆಸ್ಸಿನವನೇ..." ಎಂದರು ಮೋಹನ್‌ಕುಮಾರ್.

"ಅವನೂ ಕೈಬರಹ ನೋಡಿದಾನೆ, ಸರಿ. ಆದ್ರೆ ಹಾಸನದಲ್ಲಿ ಕೂತೋನು ಈ ಹುಡುಗಿ ಬಾಕ್ಸಿಗೆ ಕೈ ಹಾಕಕ್ಕಾಗುತ್ತಾ? ಗಣಿತದ ಪರೀಕ್ಷೆ ದಿನ ಗಣಿತದ ಮೇಷ್ಟ್ರು ಕೊಠಡಿಗೆ ಹೋಗೋ ಹಂಗೇ ಇಲ್ಲ. ನೀವು ಹೋದ್ರಿ. ಅಷ್ಟು ಮಕ್ಕಳಲ್ಲಿ ನೆಟ್ಟಗೆ ಇವಳ ಬೆಂಚಿಗೇ ಹೋದ್ರಿ. ಇನ್ನು ಈ ಹುಡುಗಿ ಏನು ಬರೆದಿದಾಳೆ ನೋಡಿ. ನಲವತ್ತೆರಡೇ ಇಟ್ಕೊಂಡು, ವರ್ಗಮೂಲ ಬರದೆ ಒದ್ದಾಡಿ ಅರ್ಧಕ್ಕೆ ಬಿಟ್ಟಿದಾಳೆ. ಚೀಟಿ ಹತ್ರ ಇದ್ದೋಳು ಐನೂರ ಐವತ್ತು ಅಂತ ಬರೀತಿರ್ಲಿಲ್ವಾ?"

ಧನಲಕ್ಷ್ಮಿ ಚೀಟಿಯ ಹರಿದ ಅಂಚನ್ನು ಬೆರಳಿನಿಂದ ಸವರಿದರು. "ಬುಟ್ಟೀಗೆ ಲೆಕ್ಕ ಹಾಕಿದೋರು ನೀವು, ಉತ್ತರ ತಗೊಂಡೋರೂ ನೀವು. ಪ್ರಶ್ನೆ ಬರೆದಿದ್ದ ಭಾಗ ಯಾಕೆ ಹರಿದ್ರಿ ಮೇಷ್ಟ್ರೇ? ನಿಮ್ಮ ಅಕ್ಷರಾನೂ ಮಕ್ಕಳು ಗುರುತು ಹಿಡೀತಾರೆ ಅಂತಲಾ?"

ಮೋಹನ್‌ಕುಮಾರ್ ಗೋಡೆಗೆ ಒರಗಿದರು. "ಸಂಜೆ ಹೊತ್ತು ನನ್ನ ಮನೆ ಜಗಲಿ ಮೇಲೆ ಕೂರೋಕೆ ಜಾಗ ಇರ್ತಿರ್ಲಿಲ್ಲ. ಒಬ್ಬೊಬ್ಬರಾಗಿ ಬಿಟ್ಟುಹೋದ್ರು. ಮೊದಲು ಹೋದೋಳು ಇವಳು. ಒಂದು ಬುಟ್ಟಿಗೆ ಸೋತೆ ಅಂತ... ಅದೊಂದು ನಿಂತ್ರೆ ಸಾಕಿತ್ತು ನಂಗೆ."

"ಅದಕ್ಕೆ ಈ ಮಗೂನ ಬಲಿ ಕೊಡೋಕೆ ಹೊರಟ್ರಾ?" ಯಶಸ್ವಿನಿಯ ದನಿ ಅವಳಿಗೇ ಹೊಸದಾಗಿ ಕೇಳಿತು.

ಮೋಹನ್‌ಕುಮಾರ್ ತಲೆ ತಗ್ಗಿಸಿ ಧನಲಕ್ಷ್ಮಿಯ ಹಿಂದೆ ನಡೆದುಹೋದರು.

ಬೆಟ್ಟಮ್ಮ ಮಗಳನ್ನು ತಬ್ಬಿಕೊಂಡು ಅಳುತ್ತಿದ್ದಳು. ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿ, ಪಂಚಾಕ್ಷರಯ್ಯನವರ ಕಡೆ ತಿರುಗಿದರು. "ಪರೀಕ್ಷೆ ಹತ್ತಿರ ಬಂತು ಯಜಮಾನ್ರೇ. ಗಣಿತಕ್ಕೆ ಇನ್ಯಾರೂ ಇಲ್ಲ. ನಿಮ್ಮ ಸೊಸೇನ ಶಾಲೆಗೆ ಕಳಿಸಿಕೊಡ್ತೀರಾ?"

ಪಂಚಾಕ್ಷರಯ್ಯ ರಾಗ ಎಳೆದರು. "ಮನೇಲಿ ಕೇಳ್ಬೇಕು..."

"ನಾಳೆಯಿಂದ ಬರ್ತೀನಿ ಸಾರ್," ಯಶಸ್ವಿನಿ ಹೇಳಿದಳು.

ಮಾವ ಅವಳನ್ನು ದಿಟ್ಟಿಸಿದರು. ಅವಳು ತಲೆ ತಗ್ಗಿಸಲಿಲ್ಲ. ಅವರೇ ಬಾಗಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿಕೊಂಡರು. ಯಶಸ್ವಿನಿ ಅವರ ಹಿಂದೆ ಹೊರಡಲಿಲ್ಲ. ದೀಪಶ್ರೀಯ ಪಕ್ಕದಲ್ಲಿ ಹೋಗಿ ಕುಳಿತಳು.

"ಅಕ್ಕಾ, ನಲವತ್ತೆರಡು ಇಟ್ಕೊಂಡ್ರೆ ಆ ಲೆಕ್ಕ ಬರಕಿಲ್ವಾ?"

"ಬರುತ್ತೆ ಕಣೇ. ಎಲ್ಲಿಗೆ ಬಿಟ್ಟಿದ್ದೆ, ತೋರಿಸು."