ಇಲ್ಲದ ಒಂದು ಚೀಲ

ಗಾಳೆಮ್ಮ ಒಳಗೆ ಬರಲಿಲ್ಲ. ಹೊಸ್ತಿಲಾಚೆಯೇ ಕುಳಿತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದಳು.

"ಅಕ್ಕಾರ, ನಾ ಅಕ್ಕಿ ಕದ್ದೀನಂತ. ಇಷ್ಟು ವರ್ಷ ಮಿಲ್ಲಿನ್ಯಾಗ ಚೀಲ ಹೊಲಿದೀನ್ರಿ, ಒಂದು ಕಾಳು ಸೆರಗಿಗೆ ಕಟ್ಟಿಲ್ಲ."

ಶೋಭಾರಾಣಿ ಪೊಲೀಸ್ ಇಲಾಖೆಯಿಂದ ನಿವೃತ್ತರಾಗಿ ಗಂಗಾವತಿಯ ಈ ಓಣಿಗೆ ಬಂದ ಮೇಲೆ ಇಂಥ ದೂರುಗಳು ಠಾಣೆಗಿಂತ ಮೊದಲು ಅವರ ಕಟ್ಟೆಗೇ ಬರುತ್ತಿದ್ದವು. ಅವರ ಜೊತೆಗಿದ್ದ ಅಮೃತಾ ಶಾಲೆಯನ್ನು ಅರ್ಧಕ್ಕೇ ಬಿಟ್ಟ ಹುಡುಗಿ. ಮಾತು ಕಡಿಮೆ, ನೋಡುವುದು ಹೆಚ್ಚು. ನೀರು ತಂದಿಟ್ಟು ಬಾಗಿಲ ಮರೆಗೆ ನಿಂತಳು.

ಮಾಲೀಕ ರಾಮಾಂಜನೇಯ ತಮ್ಮ ಮಿಲ್ಲಿನ ಅಕ್ಕಿ ಮಾರಲು ಆ ವರ್ಷ ವೆಬ್‌ಸೈಟ್ ತೆರೆದಿದ್ದರು. ಕುಷ್ಟಗಿಯ ಕಂಪ್ಯೂಟರ್ ಹುಡುಗ ತಿರುಪತಿ ಅದಕ್ಕೂ ಮಿಲ್ಲಿನ ಲೆಕ್ಕಕ್ಕೂ ಕೊಂಡಿ ಹಾಕುವ ಮಾಡ್ಯೂಲ್ ಬರೆದುಕೊಟ್ಟಿದ್ದ. ಲೆಕ್ಕದ ಸಾಫ್ಟ್‌ವೇರಿನಲ್ಲಿ ಎಷ್ಟು ಚೀಲವೋ ಅಷ್ಟು ತಾನಾಗಿಯೇ ವೆಬ್‌ಸೈಟಿನಲ್ಲಿ ಕಾಣುತ್ತಿತ್ತು. ಅಂದಿನಿಂದಲೇ ತೊಂದರೆ ಶುರು. ಒಂದು ಚೀಲ ಇದೆ ಎಂದು ತೋರಿಸುತ್ತದೆ, ಯಾರೋ ದೂರದವರು ಕೊಳ್ಳುತ್ತಾರೆ, ಗೋದಾಮಿನಲ್ಲಿ ನೋಡಿದರೆ ಆ ಚೀಲವಿಲ್ಲ. ಗೋದಾಮಿನ ಕೀಲಿ ಗಾಳೆಮ್ಮನ ಕೈಯಲ್ಲಿತ್ತು.

"ನಿನ್ನೆ ಮಾಲಕ್ರು ಮನಿಗೇ ಬಂದ್ರು. ಓಣಿ ಮಂದಿ ಮುಂದ ನನ್ನ ಅಕ್ಕಿ ಗಡಿಗಿ ಬೋರಲ ಹಾಕಿ ಝಾಡಿಸಿದ್ರು. ಲೆಕ್ಕ ಬರಿಯೂ ಕಾರಕೂನ ಹನುಮಣ್ಣಾರ ಒಬ್ರು ನೆಲದ ಮ್ಯಾಲಿಂದ ಒಂದು ಹಿಡಿ ಬಳದು ಗಡಿಗ್ಯಾಗ ತಿರುಗಿ ಹಾಕಿದ್ರು ನೋಡ್ರಿ. ಉಳಿದವರು ತುಳಕೋತ ಹೋದ್ರು."

ಮರುದಿನ ಇಬ್ಬರೂ ಮಿಲ್ಲಿಗೆ ಹೋದರು. ತಿರುಪತಿ ಕಂಪ್ಯೂಟರಿನ ಮುಂದೆ ನಿದ್ದೆಗೆಟ್ಟು ಕಣ್ಣು ಕೆಂಪಗೆ ಮಾಡಿಕೊಂಡು ಕುಳಿತಿದ್ದ. ಮಾಡ್ಯೂಲನ್ನು ಮೊದಲಿನಿಂದ ಕೊನೆಯವರೆಗೆ ಎಷ್ಟೋ ಸಲ ತಿದ್ದಿ ನೋಡಿದ್ದನಂತೆ. ಲೆಕ್ಕ ಹೇಳಿದ್ದನ್ನು ಅದು ಹೇಳುತ್ತದೆ, ತನ್ನದೇನೂ ಸೇರಿಸುವುದಿಲ್ಲ ಎಂದ. ಶೋಭಾರಾಣಿ ಕಳೆದುಹೋದ ಚೀಲಗಳ ಬಗ್ಗೆ ಕೇಳಿದರು. ಒಮ್ಮೆ ಸೋನಾ ಮಸೂರಿ, ಒಮ್ಮೆ ಕೆಂಪಕ್ಕಿ, ಒಮ್ಮೆ ನುಚ್ಚು. ಯಾವಾಗಲೂ ಒಂದೇ ಚೀಲ. ಅದೂ ಆ ಬಗೆಯ ಅಕ್ಕಿ ಮುಗಿಯುವ ಹೊತ್ತಿಗೆ.

ಹನುಮಣ್ಣ ತಾವೇ ಚಹಾ ಮಾಡಿದರು. ಮಾಲೀಕರು ಇನ್ನಷ್ಟು ಸಕ್ಕರೆ ಕೇಳಿದಾಗ ಡಬ್ಬಿಯೊಳಗೆ ಇಣುಕಿ, ಮುಚ್ಚಳ ಹಾಕಿ, ಅಂಗಡಿಗೆ ಹೇಳಿಕಳಿಸಿದರು. ಮನೆಯ ದಾರಿಯಲ್ಲಿ ಅಮೃತಾ ಅಳುಕುತ್ತಲೇ ಹೇಳಿದಳು, "ಡಬ್ಬಿಯೊಳಗ ಒಂದು ಚಮಚ ಇತ್ರಿ ಅಕ್ಕಾರ. ನಾ ಕಂಡೀನಿ."

ಶೋಭಾರಾಣಿ ನಡೆಯುವುದನ್ನು ನಿಲ್ಲಿಸಿದರು.

ಸಂಜೆ ಎಲ್ಲರನ್ನೂ ಮಿಲ್ಲಿನ ಆಫೀಸಿಗೆ ಕರೆಸಿದರು. ಗಾಳೆಮ್ಮ ಮಾತ್ರ ಬರಲಿಲ್ಲ. ಕೆಂಪಕ್ಕಿ ಬೆಳಿಗ್ಗೆಯೇ ಮುಗಿದಿತ್ತು. ಗೋದಾಮಿನ ಆ ಮೂಲೆಯನ್ನು ಎಲ್ಲರೂ ಕಣ್ಣಾರೆ ನೋಡಿ ಬಂದರು. ಲೆಕ್ಕದ ಪರದೆಯ ಮೇಲೆ ಮಾತ್ರ ಇನ್ನೂ ಒಂದು ಚೀಲ ಇತ್ತು.

"ಹನುಮಣ್ಣಾರ, ಅಲ್ಲಿ ಸೊನ್ನಿ ಹಾಕ್ರಿ," ಎಂದರು ಶೋಭಾರಾಣಿ.

ಹನುಮಣ್ಣನ ಬೆರಳು ಕೀಲಿಮಣೆಯ ಸೊನ್ನೆಯ ಮೇಲೆ ನಿಂತಿತು. ಒತ್ತಲಿಲ್ಲ. ಮಾಲೀಕರು ಗದರಿದರೂ ಒತ್ತಲಿಲ್ಲ.

ಶೋಭಾರಾಣಿ ಮೆಲ್ಲಗೆ ಬಿಡಿಸಿ ಹೇಳಿದರು. ಕದಿಯುವವರು ಗೋದಾಮು ತುಂಬಿದಾಗ ಕದಿಯುತ್ತಾರೆ, ಒಂದು ಚೀಲ ಹೋದರೆ ಆಗ ಯಾರಿಗೂ ತಿಳಿಯುವುದಿಲ್ಲ. ಈ ಚೀಲ ಕಾಣೆಯಾಗುತ್ತಿದ್ದದ್ದು ಅಕ್ಕಿ ತೀರಿದಾಗ ಮಾತ್ರ. ಹಾಗಾದರೆ ಅದು ಹೋದ ಚೀಲವಲ್ಲ, ಇಲ್ಲದೇ ಇದ್ದ ಚೀಲ. ಮಾಡ್ಯೂಲ್ ಹುಟ್ಟಿಸಿಲ್ಲ ಎಂದ ಮೇಲೆ ಲೆಕ್ಕದಲ್ಲಿಯೇ ಯಾರೋ ಇಟ್ಟಿರಬೇಕು. ಬೇರೆಯವರ ಗಡಿಗೆಯೂ ಬರಿದಾಗಬಾರದೆಂದು ಹಿಡಿ ಅಕ್ಕಿ ಹಾಕಿದವರು, ಡಬ್ಬಿಯ ಕೊನೆಯ ಚಮಚ ಸಕ್ಕರೆ ತೆಗೆಯದವರು ಇಲ್ಲಿ ಒಬ್ಬರೇ.

"ಅಕ್ಕಿ ಮುಂದ ಸೊನ್ನಿ ಹ್ಯಾಂಗ ಹಾಕಲ್ರಿ?" ಎಂದರು ಹನುಮಣ್ಣ. "ನಮ್ಮಪ್ಪ ಇದ ಗಾದಿ ಮ್ಯಾಲ ಕುಂತು ಲೆಕ್ಕ ಬರದಾನ, ಅವನೂ ಹಾಕಿಲ್ಲ. ತೀರಿದ್ರ ಒಂದು ಇಡೂದು, ಹೊಸಾ ಲೋಡ್ ಬಂದ್ರ ಒಂದು ಕಡಿಮಿ ಬರದು ಸರಿ ಮಾಡೂದು. ಯಾರಿಗೂ ಲುಕ್ಸಾನ ಆಗಿಲ್ಲ."

"ಗಾಳೆಮ್ಮಗ ಆತಲ್ರಿ," ಎಂದರು ಶೋಭಾರಾಣಿ. "ಆಕಿ ಮನಿಗೆ ಹೋದಾಗರ ಯಾಕ ಹೇಳ್ಲಿಲ್ಲ?"

"ವೆಬ್‌ಸೈಟು ನನ್ನ ಲೆಕ್ಕಾನ ನೋಡತೈತಿ ಅಂತ ನನಗ ಯಾರ ಹೇಳ್ಯಾರ? ಗೋದಾಮಿನ್ಯಾಗ ಎಣಿಸಿ ಹಾಕ್ತಾರಂತ ತಿಳದಿದ್ದೆ."

ಮಾಲೀಕರು ತಿರುಪತಿಯನ್ನು ನೋಡಿದರು. ತಿರುಪತಿ ನೆಲ ನೋಡಿದ. ವೆಬ್‌ಸೈಟನ್ನು ಲೆಕ್ಕಕ್ಕೆ ಕೂಡಿಸುವ ದಿನ ಅವನು ಹನುಮಣ್ಣನಿಗೆ ಪಾಸ್‌ವರ್ಡ್ ಕೇಳಿದ್ದ, ಬೇರೇನೂ ಕೇಳಿರಲಿಲ್ಲ. "ಒಂದಿದ್ರ ಇಲ್ಲ ಅಂತ ತೋರಸು ಅಂತ ಮಾಡ್ಯೂಲಿಗೆ ಹೇಳಬಹುದ್ರಿ," ಎಂದ. ಸ್ವಲ್ಪ ತಡೆದು, "ಆದ್ರ ಖರೇನ ಒಂದು ಉಳದಾಗ ಏನ್ ಮಾಡೂದು?" ಎಂದು ತನ್ನಷ್ಟಕ್ಕೇ ಕೇಳಿಕೊಂಡ. ಹನುಮಣ್ಣನ ಬೆರಳು ಇನ್ನೂ ಸೊನ್ನೆಯ ಮೇಲೆಯೇ ಇತ್ತು.

ಗಾಳೆಮ್ಮನಿಗೆ ನಾಳೆಯಿಂದ ಮತ್ತೆ ಕೆಲಸಕ್ಕೆ ಬರಲು ಹೇಳಿ ಎಂದು ಮಾಲೀಕರು ಅಮೃತಾಳ ಕಡೆ ಕೈ ಮಾಡಿದರು. ತಾವು ಏಳಲಿಲ್ಲ.

ಅಮೃತಾ ಹೋದಾಗ ಗಾಳೆಮ್ಮ ಒಲೆಗೆ ಎಸರಿಟ್ಟಿದ್ದಳು. ನಡೆದದ್ದನ್ನೆಲ್ಲ ಕೇಳಿಸಿಕೊಂಡಳು, ಹನುಮಣ್ಣನನ್ನು ಬಯ್ಯಲಿಲ್ಲ.

"ಓಣಿ ಮುಂದ ಬೋರಲ ಹಾಕಿದ್ರು," ಎಂದಳು. "ಓಣಿ ಮುಂದ ಬಂದು ಹೇಳಲಿ, ಬರ್ತೀನಿ."

ಮಾಲೀಕರು ಬರುವುದಿಲ್ಲವೆಂದು ಅಮೃತಾಳಿಗೆ ಗೊತ್ತಿತ್ತು. ಗಾಳೆಮ್ಮನಿಗೂ ಗೊತ್ತಿತ್ತು. ಒಲೆಯ ಮೇಲೆ ನೀರು ಕುದಿಯತೊಡಗಿತು. ಗಾಳೆಮ್ಮ ಗಡಿಗೆಯೊಳಗೆ ಕೈ ಹಾಕಿ, ಬರಿಗೈಯನ್ನೇ ಹೊರಗೆ ತೆಗೆದಳು.

"ಬಾಜೂಕಿನ ಗೌಸಬೀ ಮನಿಗೆ ಹೋಗಿ ಒಂದು ಪಾವು ಅಕ್ಕಿ ಇಸಗೊಂಡು ಬರ್ತಿ ಏನವಾ?"

ಅಮೃತಾ ಬಗ್ಗಿ ನೋಡಿದಳು. ಗಡಿಗೆಯ ತಳದಲ್ಲಿ ಹನುಮಣ್ಣ ಹಾಕಿದ ಆ ಒಂದು ಹಿಡಿ ಹಾಗೇ ಇತ್ತು.

"ಇದರಾಗ ಐತಲ್ರಿ."

"ಅದನ್ನ ಹ್ಯಾಂಗ ತಗೀಲಿ ನನ್ನವ್ವ," ಎಂದು ಗಾಳೆಮ್ಮ ಗಡಿಗೆಯ ಬಾಯಿ ಮುಚ್ಚಿದಳು.