ಗಾಜಿನೊಳಗಿನ ಬಿಸಿಲು

“ಏಳು! ಮೂವತ್ತಿರಬೇಕಾದ ಕಡೆ ಬರೀ ಏಳು! ನಮ್ಮಮ್ಮನ್ನ ಕತ್ತಲೆಕೋಣೆಯಲ್ಲಿ ಕೂಡಿ ಹಾಕಿದ್ರಾ ಅತ್ತಿಗೆ?”

ನಾದಿನಿ ರಕ್ತಪರೀಕ್ಷೆಯ ಚೀಟಿಯನ್ನು ಅತ್ತಿಗೆಯ ಮೂಗಿಗೆ ತಾಗುವಂತೆ ಹಿಡಿದಳು. ಆಸ್ಪತ್ರೆಯ ಮಂಚದ ಮೇಲೆ ಅತ್ತೆ, ಆಕ್ಸಿಜನ್ ಮಾಸ್ಕಿನೊಳಗೆ, ಒಂದೊಂದು ಉಸಿರನ್ನೂ ಬಾವಿಯಿಂದ ಸೇದುವಂತೆ ಎಳೆಯುತ್ತಿದ್ದರು... ಮನೆಮಂದಿಗೆಲ್ಲ ಬಂದದ್ದು ಒಂದೇ ವೈರಸ್ ಜ್ವರ. ಉಳಿದವರು ನಾಲ್ಕು ದಿನ ಕೆಮ್ಮಿ ಎದ್ದರು. ಇವರಿಗೆ ಮಾತ್ರ ಶ್ವಾಸಕೋಶಕ್ಕಿಳಿಯಿತು. ಯಾಕೆಂದು ಯಾರಿಗೂ ತಿಳಿಯದಿದ್ದಾಗ ಈ ಚೀಟಿಯಲ್ಲಿ ವಿಟಮಿನ್ ಡಿ ಕೊರತೆ ಎಂಬ ಕಾರಣ ಸಿಕ್ಕಿತು. ಕಾರಣ ಸಿಕ್ಕ ಮನೆಯಲ್ಲಿ ಕಾರಣಕರ್ತರು ಸಿಗುವುದು ತಡವೇ? ಸೊಸೆ ಎದುರಿಗೇ ನಿಂತಿದ್ದಳಲ್ಲ!

“ದಿನಾ ಒಂಬತ್ತರಿಂದ ಹನ್ನೊಂದರವರೆಗೆ ಬಿಸಿಲಲ್ಲೇ ಕೂರಿಸ್ತಿದ್ದೆ ಕಣೇ... ಬಾಲ್ಕನಿಯಲ್ಲಿ!”

“ತೆರೆದ ಬಾಲ್ಕನಿನಾ?” ನಾಡಿ ನೋಡುತ್ತಿದ್ದ ಡಾಕ್ಟರು ತಲೆಯೆತ್ತಿದರು.

“ಇಲ್ಲ, ಗಾಜು ಹಾಕಿದೆ.”

“ಗಾಜು ಬೆಳಕು ಬಿಡುತ್ತೆ, ಬೆಚ್ಚಗೂ ಇಡುತ್ತೆ. ವಿಟಮಿನ್ ಹುಟ್ಟಿಸೋ ಕಿರಣನ ಮಾತ್ರ ಒಳಗೆ ಬಿಡಲ್ಲಮ್ಮ.”

ಮೂಲೆಯಲ್ಲಿ ನಿಂತಿದ್ದ ಗಂಡನ ಮುಖ ಬಿಳಿಚಿತು. ಅವನು ಗಾಜು ಕೊಯ್ಯುವ ಕಸುಬಿನವನು. ಅಮ್ಮನಿಗೆ ಥಂಡಿ ಗಾಳಿ ಸೋಕಬಾರದೆಂದು ಮೂರು ವರ್ಷದ ಹಿಂದೆ ತಾನೇ ಅಳೆದು, ಕೊಯ್ದು, ಅಂಚು ಉಜ್ಜಿ, ಬಾಲ್ಕನಿಯನ್ನು ಒಂದು ಸಂದೂ ಬಿಡದಂತೆ ಮುಚ್ಚಿದ್ದ. “ಒಂದು ಕಿಟಕಿಯಾದ್ರೂ ಬಿಡ್ರೀ” ಎಂದ ಹೆಂಡತಿಗೆ “ನನ್ನ ಕಸುಬು ನಂಗೆ ಕಲಿಸ್ಬೇಡ” ಎಂದಿದ್ದ. ಅತ್ತೆಯೂ ಮಗನಿಗೇ ದನಿಗೂಡಿಸಿದ್ದರು.

“ಯಾರ ತಲೆಗೆ ಹೊಳೆದ ಬುದ್ಧಿವಂತಿಕೆ ಅದು?” ನಾದಿನಿ ಚೀರಿದಳು.

ಗಂಡ ಮೆಲ್ಲನೆ ಗೋಡೆಯತ್ತ ತಿರುಗಿದ...

“ನಂದೇ,” ಎಂದಳು ಸೊಸೆ. “ಧೂಳು ಬರುತ್ತೆ ಅಂತ ನಾನೇ ಹಠ ಹಿಡಿದೆ.”

“ಡಾಕ್ಟ್ರೇ... ಅಮ್ಮನಿಗೆ ಹೀಗಾಗಿದ್ದು ಅದರಿಂದಲೇನಾ?” ಗಂಡ ಈಗ ಮಂಚದ ಬಳಿ ಬಂದ.

“ಹೇಳಕ್ಕಾಗಲ್ಲಪ್ಪ. ವಿಟಮಿನ್ ಕಮ್ಮಿ ಇದ್ದಿದ್ದಕ್ಕೆ ಕಾಯಿಲೆ ಜೋರಾಯ್ತೋ, ಕಾಯಿಲೆ ಜೋರಾಗಿದ್ದಕ್ಕೆ ವಿಟಮಿನ್ ಇನ್ನೂ ಇಳೀತೋ... ವಯಸ್ಸೂ ಇದೆ, ಸಕ್ಕರೆ ಕಾಯಿಲೆನೂ ಇದೆ.” ಡಾಕ್ಟರು ಎಲ್ಲರಿಗೂ ಸಮನಾಗಿ ಗೊಂದಲ ಹಂಚಿ ಮುಂದಿನ ಮಂಚಕ್ಕೆ ಹೋದರು.

“ಅವರಿಗೆ ಗೊತ್ತಿಲ್ದಿದ್ರೆ ಬಿಡ್ಲಿ, ನಂಗೊತ್ತು! ಅಮ್ಮ, ನೀನೇ ಹೇಳು. ಇದೆಲ್ಲ ಈ ಅತ್ತಿಗೆದೇ ತಾನೇ ಕೆಲಸ?”

ಅತ್ತೆ ಕಣ್ಣು ತೆರೆದರು. ಮಗನನ್ನು ನೋಡಿದರು, ತುಂಬ ಹೊತ್ತು ನೋಡಿದರು. ಆಮೇಲೆ ಹೌದೆಂದು ನಿಧಾನವಾಗಿ ತಲೆಯಾಡಿಸಿದರು.

ಸೊಸೆಗೆ ನೆಲ ಸರಿದಂತಾಯಿತು. ಅಷ್ಟರಲ್ಲಿ ಮಗಳ ಕಣ್ಣಿಗೆ ಬೀಳದ ಮಗ್ಗುಲಿನಿಂದ, ಹೊದಿಕೆಯಡಿ, ಸೂಜಿ ಚುಚ್ಚಿದ ಕೈಯೊಂದು ತಡವರಿಸುತ್ತ ಬಂದು ಅವಳ ಬೆರಳುಗಳನ್ನು ಬಿಗಿಯಾಗಿ ಹಿಡಿಯಿತು. ಮದುವೆಯಾದ ಎಂಟು ವರ್ಷದಲ್ಲಿ ಮೊದಲ ಸಲ! ಅದು ಉಪಕಾರಸ್ಮರಣೆಯೋ, ಬಾಯಿಬಿಟ್ಟೀಯೆ ಜೋಕೆ ಎಂಬ ಅಪ್ಪಣೆಯೋ... ಅವಳಿಗೆ ತಿಳಿಯಲಿಲ್ಲ. ಕೈ ಬಿಡಿಸಿಕೊಳ್ಳಲೂ ಇಲ್ಲ.