ಮೂವರಿಗೊಂದು ಮೌಸ್

ಸೋಮವಾರ ಬೆಳಿಗ್ಗೆ ಶಾಲೆಯಿಂದ ಎಂಟು ಕಂಪ್ಯೂಟರುಗಳನ್ನು ವಾಪಸು ಹೊತ್ತೊಯ್ದರು; ಕಾರಣ ಒಂದು ವರದಿ. ಇಪ್ಪತ್ತನಾಲ್ಕು ಮಕ್ಕಳು ಆರು ತಿಂಗಳಲ್ಲಿ ಏನೂ ಕಲಿತಿಲ್ಲ ಎಂದು ಅದು ಹೇಳುತ್ತಿತ್ತು. ಅದರ ಮೇಲೆ ಸಂಶೋಧಕಿಯ ಹೆಸರಿತ್ತು. ಅವಳು ಅದನ್ನು ಬರೆದಿರಲೂ ಇಲ್ಲ, ಅದಕ್ಕೆ ಸಹಿ ಹಾಕಿರಲೂ ಇಲ್ಲ.

ಆ ಮಕ್ಕಳಿಗೆಂದು ಲೆಕ್ಕದ ಆಟ ಕಟ್ಟಿದವಳು ಅವಳು. ಅವರು ಆಡಿದ್ದೆಲ್ಲ ವಿಶ್ವವಿದ್ಯಾಲಯದಲ್ಲಿ ಅವಳ ವಿಭಾಗದ ಯಂತ್ರದಲ್ಲಿ ದಾಖಲಾಗುತ್ತಿತ್ತು. ಈಗ ತೆರೆದು ನೋಡಿದರೆ — ಹೆಸರುಗಳು ಅವೇ, ಉತ್ತರಗಳು ಮಾತ್ರ ಸಾಲಿಗೆ ಸಾಲು ತಪ್ಪು. ಯಾರೋ ದಾಖಲೆಯನ್ನೇ ಬದಲಿಸಿದ್ದರು. ಯಾರು?

ಅದರ ಗುಪ್ತಪದ ಅವಳನ್ನು ಬಿಟ್ಟರೆ ಮೂವರಿಗೆ ಗೊತ್ತಿತ್ತು: ಶಾಲೆಯ ಹೆಡ್‌ಮಿಸ್ಸು, ಯಂತ್ರ ರಿಪೇರಿಯ ತಂತಿಯಣ್ಣ, ಅವಳ ಪಿಎಚ್‌.ಡಿ. ಗೈಡ್ ಮೇಷ್ಟ್ರು. ಮೇಷ್ಟ್ರನ್ನು ಅನುಮಾನಿಸುವುದೆಂದರೆ ಹೆತ್ತಪ್ಪನ ಜೇಬು ತಡಕಿದಂತೆ. ಉಳಿದಿಬ್ಬರ ಮೇಲೆ ಬಿದ್ದಳು.

ಕೈಗೆ ಬಂದ ಕಂಪ್ಯೂಟರನ್ನು ತಾನೇ ಕಳೆದುಕೊಳ್ಳಲು ತನಗೇನು ತಲೆ ಕೆಟ್ಟಿದೆಯೇ ಎಂದು ಹೆಡ್‌ಮಿಸ್ಸು ಅತ್ತರು. ತಂತಿಯಣ್ಣ ಅಳಲಿಲ್ಲ.

"ನಾನೇ ಕಳ್ಳ ಅಂತಿಟ್ಕೋ ತಂಗಿ. ಆದ್ರೆ ಕಳ್ಳಂಗೂ ಕಸುಬು ಬರ್ಬೇಕಲ್ಲ? ಆ ದಾಖಲೆನ ಪೂರ್ತಿ ಓದಿದ್ಯಾ?"

ಅಲ್ಲಿಯತನಕ ಉತ್ತರಗಳನ್ನಷ್ಟೇ ನೋಡಿದ್ದಳು. ಈಗ ಪ್ರತಿ ಉತ್ತರದ ಪಕ್ಕದ ಸಮಯ ನೋಡಿದಳು. ಪ್ರತಿ ಮಗುವೂ ನಲವತ್ತು ನಿಮಿಷ, ಒಂದೇ ಉಸಿರಿಗೆ. ನಡುವೆ ತಡೆಯೇ ಇಲ್ಲ.

ಮೇಷ್ಟ್ರ ಮೇಜಿನ ಮೇಲೆ ಆ ದಾಖಲೆಯ ಹಾಳೆಗಳನ್ನಿಟ್ಟಳು.

"ಅಲ್ಲಿ ಮೂವರಿಗೆ ಒಂದೇ ಕಂಪ್ಯೂಟರ್, ಸರ್. ಹತ್ತು ಲೆಕ್ಕ ಆದ್ಮೇಲೆ ಮೌಸ್ ಬಿಟ್ಟು ಏಳ್ಬೇಕು — ಮಕ್ಕಳೇ ಮಾಡ್ಕೊಂಡ ಕಾನೂನು. ಕುರ್ಚಿ ಬದಲಾಗೋವರೆಗೂ ಆಟ ನಿಲ್ಲುತ್ತೆ. ಇದ್ರಲ್ಲಿ ಒಂದ್ಸಲಾನೂ ನಿಂತಿಲ್ಲ. ಹೆಡ್‌ಮಿಸ್ಸು ದಿನಾ ನೋಡ್ತಾರೆ, ತಂತಿಯಣ್ಣ ವಾರವಾರ ನೋಡ್ತಾನೆ. ಅವ್ರು ಈ ಸುಳ್ಳು ಬರೆದಿದ್ರೆ ನಡುನಡುವೆ ನಿಲ್ಲಿಸಿರೋರು. ಆ ಕೋಣೆಗೆ ಕಾಲೇ ಇಡದೆ ಅದರ ಬಗ್ಗೆ ಹನ್ನೊಂದು ಭಾಷಣ ಮಾಡಿದವರು ನೀವು."

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಅಲ್ಲಗಳೆಯಲಿಲ್ಲ. ಮಗುವಿಗೊಂದರಂತೆ ಟ್ಯಾಬ್ಲೆಟ್ ಮಾರುವ ಕಂಪನಿಗೆ ತಾವೀಗ ಸಲಹೆಗಾರರೆಂದೂ, ಹಂಚಿಕೊಂಡೂ ಚೆನ್ನಾಗಿ ಕಲಿಯಬಹುದೆಂದು ಸಾಬೀತಾದರೆ ಆ ಯೋಜನೆಯೇ ಮಗುಚುತ್ತದೆಂದೂ ಪಾಠದ ದನಿಯಲ್ಲೇ ವಿವರಿಸಿದರು. ಟ್ಯಾಬ್ಲೆಟ್ ಪಡೆಯುವ ಸರದಿ ಆ ಶಾಲೆಗೂ ಎಂದಾದರೂ ಬಂದೀತು ಎಂದರು. ಆಮೇಲೆ ವರದಿಯ ಕೊನೆಯ ಪುಟವನ್ನು ಅವಳತ್ತ ಸರಿಸಿ, ಪೆನ್ನಿನ ಮುಚ್ಚಳ ತೆಗೆದುಕೊಟ್ಟರು.

"ಸಹಿ ಹಾಕು ಮಗಳೇ. ನಿನ್ನ ಪದವಿ ನನ್ನ ಕೈಲಿದೆ."

ಐದು ವರ್ಷ 'ಮಗಳೇ' ಎಂಬ ಆ ಕರೆಗೆ ಅವಳು ಓಗೊಟ್ಟಿದ್ದಳು.

"ಅದು ನಿಮ್ಮ ಕೈಲೇ ಇರ್ಲಿ ಸರ್. ನಾನು ಸಹಿ ಹಾಕಲ್ಲ."